ಉರುಕ್ ಅಲ್ ಶೈಬಾ ಇನ್ನೂ ಮುಂದಿದೆ

ಒಂಟೆ ನಡುಗುತ್ತಾ ನಿಂತುಬಿಟ್ಟಿತು. ಹಗ್ಗ ಹಿಡಿದು ಮುಂದಿನಿಂದ ಒಬ್ಬ ಎಳೆದ, ಹಿಂದಿನಿಂದ ಉಳಿದವರು ಹೆಗಲು ಕೊಟ್ಟು ನೂಕಿದರು. ಕಾಲಿಟ್ಟಲ್ಲೆಲ್ಲ ಮರಳು ಕುಸಿಯುತ್ತಿತ್ತು. ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರಿಕೆ. ಹೊಟ್ಟೆಯಲ್ಲಿ ಹಿಂದಿನ ರಾತ್ರಿಯ ಒಂದು ತುಂಡು ರೊಟ್ಟಿ, ಬಾಯಲ್ಲಿ ಉಗುಳು ಕೂಡ ಇಲ್ಲ. ಒಂದು ಒಂಟೆ ಬಿದ್ದರೆ ಅದರ ಮೇಲಿನ ನೀರಿನ ಚೀಲವನ್ನು ಹೊರುವವರಿಲ್ಲ. ನೀರು ಹೋದರೆ ಐವರೂ ಹೋದಂತೆ. ಕೊನೆಗೂ ಎಲ್ಲ ಒಂಟೆಗಳೂ ಆ ಮರಳುಗುಡ್ಡ ದಾಟಿದವು. ಉರುಕ್ ಅಲ್ ಶೈಬಾ ಗೆದ್ದೆವು ಎಂದುಕೊಂಡ ವಿಲ್ಫ್ರೆಡ್ ಥೆಸಿಜರ್. ದಾರಿ ತೋರಿಸುತ್ತಿದ್ದ ಅಲ್ ಔಫ್ ಇಲ್ಲವೆಂದ. ಇದಲ್ಲ, ಉರುಕ್ ಅಲ್ ಶೈಬಾ ಇನ್ನೂ ಮುಂದಿದೆ, ನಾಳೆ ದಾಟಬೇಕು.

ಆ ರಾತ್ರಿ ಅವರು ಅಲ್ಲೇ, ಮರಳಿನ ಮೇಲೆ ಉರುಳಿಕೊಂಡರು.

ಅದು 1946ರ ಕೊನೆ. ಜಗತ್ತಿನ ಅತಿದೊಡ್ಡ ಮರಳುಗಾಡು ರುಬ್ ಅಲ್ ಖಾಲಿಯ ನಟ್ಟನಡುವೆ ಐದು ಜನ. ಅವರಲ್ಲಿ ನಾಲ್ವರಿಗೆ ಬಯಲಲ್ಲಿ ಮಲಗುವುದು ಹುಟ್ಟಿನಿಂದ ಬಂದ ಬದುಕು. ಐದನೆಯವನು ಮಾತ್ರ ಅದನ್ನು ತಾನಾಗಿ ಆರಿಸಿಕೊಂಡವನು. ಅಡಿಸ್ ಅಬಾಬಾದಲ್ಲಿ ಬ್ರಿಟಿಷ್ ರಾಜತಂತ್ರಜ್ಞನ ಮಗನಾಗಿ ಹುಟ್ಟಿ, ಇಂಗ್ಲೆಂಡಿನ ದೊಡ್ಡ ಶಾಲೆಗಳಲ್ಲಿ ಓದಿದ ಥೆಸಿಜರ್‌ಗೆ ಆಗ 36 ವರ್ಷ. ಮಿಡತೆಗಳು ಎಲ್ಲಿ ಹುಟ್ಟುತ್ತವೆಂದು ಪತ್ತೆಹಚ್ಚುವ ಕೆಲಸದ ನೆಪದಲ್ಲಿ ಒಮಾನ್‌ನ ದಕ್ಷಿಣ ತುದಿ ಧೋಫಾರ್‌ಗೆ ಬಂದಿದ್ದ. ಡೇರೆ ತರಲಿಲ್ಲ, ಬೂಟು ಹಾಕಲಿಲ್ಲ. ಜೊತೆಯವರು ಉಟ್ಟಿದ್ದನ್ನೇ ಉಟ್ಟ, ತಿಂದಿದ್ದನ್ನೇ ತಿಂದ, ಮಲಗಿದಲ್ಲೇ ಮಲಗಿದ. ಅವರು ಇಟ್ಟ ಹೆಸರು ಉಂಬಾರಕ್.

ಧೋಫಾರ್‌ನ ಪಟ್ಟಣ ಸಲಾಲಾ ಕಂಡವರಿಗೆ ಗೊತ್ತು, ಉಡುಪಿ ಕಡೆಯ ಯಾವುದೋ ಊರೇ ಎದ್ದು ಬಂದಂತೆ ತೆಂಗು, ಬಾಳೆ, ಮಳೆಗಾಲದಲ್ಲಿ ಮಂಜು. ಆದರೆ ಖಾರಾ ಬೆಟ್ಟ ಹತ್ತಿ ಆಚೆ ಇಳಿದರೆ ಹಸಿರು ಮುಗಿಯಿತು. ಅಕ್ಟೋಬರ್ ಕೊನೆಯಲ್ಲಿ ಸಲಾಲಾದಿಂದ ಬೈತ್ ಕಥೀರ್ ಬುಡಕಟ್ಟಿನ ದೊಡ್ಡ ದಂಡಿನೊಂದಿಗೆ ಹೊರಟವನು ಶಿಸುರ್ ಬಾವಿಯ ದಾರಿ ಹಿಡಿದು ಮುಗ್‌ಶಿನ್ ತಲುಪಿದ. ಅಲ್ಲಿ ಬಡಿಯಿತು ಮೊದಲ ಏಟು. ಬೆದರಿದ ಒಂಟೆಯಿಂದ ಬಿದ್ದು, ದಾರಿಯಲ್ಲಿ ಜೊತೆಗೂಡಿದ್ದ ರಶೀದ್ ಬುಡಕಟ್ಟಿನವರಲ್ಲಿ ಒಬ್ಬನ ಕಾಲು ಮುರಿಯಿತು. ಅವನಿಗೆ ಹಳೆಯ ವೈರಿಗಳಿದ್ದರು. ಒಂಟಿಯಾಗಿ ಬಿಟ್ಟರೆ ಕೊಂದುಹಾಕುತ್ತಾರೆಂದು ರಶೀದರೆಲ್ಲ ಅವನ ಬಳಿ ಉಳಿದರು, ಇಬ್ಬರ ಹೊರತು: ಅಲ್ ಔಫ್, ಮತ್ತು ಹದಿನಾರರ ಆಸುಪಾಸಿನ ಹುಡುಗ ಬಿನ್ ಕಬೀನಾ. ರಮ್ಲತ್ ಅಲ್ ಗಾಫಾದಲ್ಲಿ ಎರಡನೆಯ ಏಟು. ಬೈತ್ ಕಥೀರರ ಮುಖಂಡ ಮುಂದೆ ಬರಲಾರೆನೆಂದ: ಒಂಟೆಗಳು ಸೋತಿವೆ, ಆಹಾರ ಸಾಲದು, ಮುಂದೆ ಸಾವು. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮುಸಲ್ಲಿಮ್ ಬಿನ್ ತಫ್ಲ್ ಮತ್ತು ಮಬ್ಖೌತ್ ಇಬ್ಬರೇ ನಾವು ಬರುತ್ತೇವೆಂದರು.

ಆ ದಾರಿ ಕಂಡವನು ಅಲ್ ಔಫ್ ಒಬ್ಬನೇ. ಎರಡು ವರ್ಷದ ಹಿಂದೆ ದಾಟಿದ್ದ. ಜೊತೆಗೆ ಯಾರಿದ್ದರು ಎಂದರೆ ಯಾರೂ ಇಲ್ಲ, ಒಂದು ಒಂಟೆ, ಅದರ ಹಾಲು. ಆ ಮರಳಿನಲ್ಲಿ ಒಬ್ಬಂಟಿಯಾಗಿ ಎಷ್ಟು ರಾತ್ರಿ ಮಲಗಿದನೋ! ಥೆಸಿಜರ್‌ನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ನನ್ನ ಮಟ್ಟಿಗೆ ಈ ಕಥೆಯ ನಾಯಕ ಅಲ್ ಔಫ್.

ಖೌರ್ ಬಿನ್ ಅತಾರಿತ್ ಬಾವಿಯಲ್ಲಿ ಆಡಿನ ಚರ್ಮದ ಚೀಲಗಳಿಗೆ ಕಹಿ ನೀರು ತುಂಬಿಕೊಂಡರು. ಅಲ್ಲಿಂದ ಮುಂದೆ ಬಾವಿ ಇಲ್ಲ. ಚೀಲಗಳು ಜಿನುಗುತ್ತಿದ್ದವು. ಹನಿ ಬಿದ್ದಷ್ಟೂ ಆಯುಸ್ಸು ಕಡಿಮೆ, ಬಿಗಿಯಲು ಉಪಾಯವಿಲ್ಲ. ನೀರು ಅಳತೆಯಲ್ಲಿ, ಹಿಟ್ಟೂ ಅಳತೆಯಲ್ಲಿ. ಕತ್ತಲಾಗುತ್ತಲೇ ಒಂಟೆಗಳ ಮುಂಗಾಲು ಮಡಚಿ ಕಟ್ಟಿ ಸುತ್ತ ಕೂರಿಸುವುದು, ಜೀನಿನ ಚೀಲಗಳನ್ನು ಗಾಳಿಗೆ ಅಡ್ಡ ಇಡುವುದು, ಬಂದೂಕು ಕೈಗೆಟಕುವಂತೆ ಇಟ್ಟು ಮಲಗುವುದು. ಹಗಲಲ್ಲಿ ಸುಡುವ ಮರಳು ಡಿಸೆಂಬರ್ ರಾತ್ರಿಯಲ್ಲಿ ಮೂಳೆಯವರೆಗೆ ಕೊರೆಯುತ್ತದೆ. ಬಿನ್ ಕಬೀನಾನಂಥವರಿಗೆ ಹೊದೆಯಲು ಉಟ್ಟ ಬಟ್ಟೆಯೇ ಗತಿ.

ಮರುದಿನದ ಉರುಕ್ ಅಲ್ ಶೈಬಾ ಹಿಂದಿನ ದಿನದ್ದನ್ನು ಮರೆಸಿತು. ಅಲ್ ಔಫ್ ಬರಿಗಾಲಲ್ಲಿ ಮುಂದೆ ನಡೆದ. ಗೋಡೆಯಂತೆ ನಿಂತ ಮರಳಿನ ಮುಖದಲ್ಲಿ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಕಾಲಲ್ಲೇ ಹುಡುಕಿದ. ಒಂಟೆಗಳು ಅಳುಕಿದವು, ನಿಂತವು, ಮತ್ತೆ ಹತ್ತಿದವು. ಅಂಗುಲ ಅಂಗುಲವಾಗಿ ಏರಿದರು. ದಾಟಿಯೇಬಿಟ್ಟರು.

ಆಮೇಲೆ ಒಂದು ಮೊಲ ಸಿಕ್ಕಿತು. ವಾರಗಟ್ಟಲೆ ಮಾಂಸದ ವಾಸನೆ ಕಾಣದ ಐವರು ಪಾತ್ರೆಯ ಸುತ್ತ ಕೂತರು. ಐದು ಪಾಲು ಮಾಡಿ, ಚೀಟಿ ಎತ್ತುವ ಹಾಗೆ ಹಂಚಿಕೊಂಡರು. ಅಷ್ಟರಲ್ಲಿ ಪಿತ್ತಜನಕಾಂಗ ಪಾಲಾಗದೆ ಉಳಿದದ್ದು ನೆನಪಾಯಿತು. ಉಂಬಾರಕ್‌ಗೆ ಕೊಡಿ ಎಂದರು ಎಲ್ಲರೂ. ಆತ ಬೇಡವೆಂದರೂ ಬಿಡದೆ ದೇವರ ಮೇಲೆ ಆಣೆಯಿಟ್ಟು ತಿನ್ನಿಸಿದರು.

ಖೌರ್ ಬಿನ್ ಅತಾರಿತ್ ಬಿಟ್ಟ ಹದಿನಾಲ್ಕು ದಿನಕ್ಕೆ ಲಿವಾ ಓಯಸಿಸ್‌ನ ಅಂಚಿನ ಖಾಬಾ ಬಾವಿ ಸಿಕ್ಕಿತು. ನೀರಿಗೆ ಬರವಿಲ್ಲ, ಆದರೆ ಹಿಟ್ಟು ಮುಗಿದಿತ್ತು. ಕ್ರೈಸ್ತನೊಬ್ಬ ಬಂದಿದ್ದಾನೆಂಬ ಸುದ್ದಿ ಹರಡಿದರೆ ಅಪಾಯ, ಹಾಗಾಗಿ ಥೆಸಿಜರ್ ಹಿಂದೆಯೇ ಉಳಿದ, ಬಿನ್ ಕಬೀನಾ ಮತ್ತಿತರರು ಧಾನ್ಯ ತರಲು ಹೋದರು. ಮೂರು ದಿನ ಆತ ಹಸಿದು ಮರಳಲ್ಲಿ ಬಿದ್ದುಕೊಂಡ. ಕಣ್ಣು ಮುಚ್ಚಿದರೆ ಊಟದ ಕನಸು. ಆ ಸ್ಥಿತಿಯಲ್ಲೂ ತನ್ನನ್ನು ತಾನೇ ಕೇಳಿಕೊಂಡನಂತೆ: ಹೊಟ್ಟೆ ತುಂಬಿಸಿಕೊಂಡು ಕುರ್ಚಿಯಲ್ಲಿ ರೇಡಿಯೊ ಕೇಳುತ್ತಾ ಕೂತು, ಅರೇಬಿಯಾ ಸುತ್ತಲು ಕಾರನ್ನು ನಂಬುವುದು ಮೇಲೋ, ಇದು ಮೇಲೋ? ಇದೇ ಮೇಲೆಂದು ಅನ್ನಿಸಿತಂತೆ. ಹೋದವರು ತಂದದ್ದು ಒಂದಿಷ್ಟು ಗೋಧಿ, ಕೆಟ್ಟ ಖರ್ಜೂರ.

ಮುಂದೊಂದು ದಿನ ಮತ್ತೆ ಮೊಲ. ಬೇಯುವಷ್ಟರಲ್ಲಿ ದಿಬ್ಬದ ಮೇಲೆ ಅಪರಿಚಿತರು ಕಾಣಿಸಿದರು. ಈ ಹಸಿದವರು ಎದ್ದು ಸಲಾಮ್ ಹೇಳಿ, ನಿಮ್ಮನ್ನು ದೇವರೇ ಕಳಿಸಿದ ಎಂದು ರೊಟ್ಟಿ, ಮೊಲ ಎರಡನ್ನೂ ಅವರ ಮುಂದಿಟ್ಟರು. ತಾವು ಮುಟ್ಟಲಿಲ್ಲ. ಬಾಗಿಲಿಲ್ಲದ ಜಾಗದಲ್ಲಿ ಮಲಗುವವರ ಕಾವಲು ಇದೇ. ಥೆಸಿಜರ್‌ನ ಚೀಲದಲ್ಲಿ ಮರಿಯಾ ತೆರೇಸಾ ಬೆಳ್ಳಿ ನಾಣ್ಯಗಳಿದ್ದವು, ಬೀಗವಿರಲಿಲ್ಲ, ಬಾಯಿಗೊಂದು ದಾರ ಅಷ್ಟೆ. ಸುತ್ತ ಮಲಗಿದ್ದವರು ಕಡು ಬಡವರು. ಐದು ವರ್ಷ ಅವರೊಂದಿಗೆ ಅಲೆದರೂ ಒಂದು ನಾಣ್ಯ ಕಳೆಯಲಿಲ್ಲ.

ಹಿಂದಿರುಗುವ ದಾರಿ ಒಮಾನ್‌ನ ಒಳನಾಡಿನ ಕಲ್ಲುಬಯಲು. ಅದು ಸುಲ್ತಾನ ಸಯೀದ್ ಬಿನ್ ತೈಮೂರನ ಮಾತು ನಡೆಯದ, ಇಮಾಮನ ಸೀಮೆ. ಕ್ರೈಸ್ತನೆಂದು ತಿಳಿದರೆ ಮುಗಿಯಿತು. ಸಿರಿಯಾದ ಪಟ್ಟಣಿಗನೆಂದು ಹೇಳಿಕೊಂಡು ಸಾಗಿದರು. ದುರು ಬುಡಕಟ್ಟಿನವರ ನಾಡಿನಲ್ಲಿ ಉಮ್ ಅಲ್ ಸಮೀಮ್ ಕಂಡಿತು: ಮೇಲೆ ಉಪ್ಪಿನ ಹೆಪ್ಪು, ಕೆಳಗೆ ಕೆಸರು. ಆಡಿನ ಹಿಂಡೇ ಅದರಲ್ಲಿ ಮುಳುಗಿಹೋದ ಕಥೆ ಕೇಳಿ ಅಂಚಿನಲ್ಲೇ ಸುತ್ತಿಹೋದರು.

ಇವತ್ತಿಗೂ ಒಮಾನ್‌ನಲ್ಲಿ ಕೈಯಲ್ಲಿ ಕಾಸಿಲ್ಲದವನು ಮಸ್ಕತ್‌ನಿಂದ ಸಲಾಲಾದವರೆಗಿನ ಸಾವಿರ ಕಿಲೋಮೀಟರನ್ನು ಬಯಲಲ್ಲೇ ಮಲಗುತ್ತಾ ಮುಗಿಸಬಹುದು. ಆಮೆ ಮೊಟ್ಟೆಯಿಡುವ ರಕ್ಷಿತ ಕಡಲತೀರದಂಥ ಕೆಲವು ಜಾಗ ಬಿಟ್ಟರೆ ಅಡ್ಡಿಪಡಿಸುವವರು ಕಡಿಮೆ. ಆದರೆ ವಾದಿಯ, ಅಂದರೆ ಒಣಗಿದ ಹೊಳೆಯ, ಪಾತ್ರದಲ್ಲಿ ಮಾತ್ರ ಮಲಗಬೇಡಿ. ಮರಳು ಮೆತ್ತಗಿರುತ್ತದೆ, ಗಾಳಿಗೆ ಮರೆಯಿರುತ್ತದೆ, ಆಕಾಶದಲ್ಲಿ ಮೋಡವೂ ಇರುವುದಿಲ್ಲ. ಮಳೆ ಬಿದ್ದಿರುವುದು ದೂರದ ಹಜರ್ ಬೆಟ್ಟಗಳಲ್ಲಿ, ನೀರು ಬರುವುದು ಒಮ್ಮೆಲೇ. 2024ರ ಏಪ್ರಿಲ್ 14ರಂದು ಸಮದ್ ಅಲ್ ಶಾನ್‌ನಲ್ಲಿ ಅಂಥ ಪ್ರವಾಹ ಶಾಲಾಮಕ್ಕಳನ್ನೇ ಕೊಚ್ಚಿಕೊಂಡು ಹೋಯಿತು, ಅದೂ ಹಗಲಿನಲ್ಲಿ.

ಮತ್ತೆ ಥೆಸಿಜರ್‌ನ ದಾರಿಗೆ ಬರೋಣ. ಅವನ ತಂಡ ಜಿದ್ದತ್ ಅಲ್ ಹರಾಸಿಸ್‌ನ ನೆರಳಿಲ್ಲದ ಬಯಲು ದಾಟಿ ಬಾಯ್ ತಲುಪಿದಾಗ, ಮೊದಲೇ ಬೇರ್ಪಟ್ಟಿದ್ದ ಬೈತ್ ಕಥೀರರು ಅಲ್ಲಿ ಕಾಯುತ್ತಿದ್ದರು. ಸತ್ತರೆಂದು ಭಾವಿಸಬಹುದಾಗಿದ್ದವರನ್ನು ಅವರಲ್ಲೊಬ್ಬನಾದ ಮುದುಕ ತಮ್ತೈಮ್ ಅಪ್ಪಿಕೊಂಡ. 1947ರ ಫೆಬ್ರವರಿಯಲ್ಲಿ ಸಲಾಲಾ ಸೇರಿದರು.

ಥೆಸಿಜರ್‌ಗೂ ಮೊದಲು ಬ್ರಿಟಿಷ್ ಅಧಿಕಾರಿ ಬರ್ಟ್ರಾಮ್ ಥಾಮಸ್ 1930ರ ಡಿಸೆಂಬರ್ 10ರಂದು ಇದೇ ಸಲಾಲಾದಿಂದ ಹೊರಟು ರಶೀದರ ಬೆಂಬಲದಿಂದಲೇ ಈ ಮರಳುಗಾಡು ದಾಟಿ ದೋಹಾ ಮುಟ್ಟಿದ್ದ. 85 ವರ್ಷಗಳ ನಂತರ ಅದೇ ದಿನಾಂಕದಂದು ಬ್ರಿಟಿಷ್ ಸಾಹಸಿ ಮಾರ್ಕ್ ಇವಾನ್ಸ್ ಜೊತೆ ಇಬ್ಬರು ಒಮಾನಿಗಳು ಆ ಹಾದಿ ಹಿಡಿದು 49 ದಿನಗಳಲ್ಲಿ ಮುಗಿಸಿದರು. ಥೆಸಿಜರ್ ಅಷ್ಟು ಕಾಲ ಕಾಯಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 1948ರ ಜನವರಿಯಲ್ಲಿ, ಬಿನ್ ಕಬೀನಾನನ್ನು ಕರೆದುಕೊಂಡು ಮನ್ವಖ್ ಬಾವಿಯಿಂದ ಮತ್ತೆ ಮರಳಿಗಿಳಿದ. ಈ ಸಲ ಅನುಮತಿಯಿಲ್ಲದೆ ಬಂದನೆಂದು ಸುಲೈಯಿಲ್‌ನಲ್ಲಿ ಸೌದಿಯವರು ಹಿಡಿದಿಟ್ಟರು. ಬಿಡಿಸಲು ಸೌದಿ ದೊರೆಯ ಬಳಿ ಅವನಿಗೆ ಆಪ್ತನಾಗಿದ್ದ ಬ್ರಿಟಿಷ್ ಅನ್ವೇಷಕ ಸೇಂಟ್ ಜಾನ್ ಫಿಲ್ಬಿಯೇ ಮಾತಾಡಬೇಕಾಯಿತು.