ಗವಸಿನೊಳಗಿನ ಬಂದೂಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ರೈತರಿಗೆ ಬಂದೂಕೆಂದರೆ ಶೇಂಗಾ, ಮೆಕ್ಕೆಜೋಳದ ಹೊಲಕ್ಕೆ ನುಗ್ಗುವ ಕಾಡುಹಂದಿಯನ್ನು ಬೆದರಿಸುವ ಸಾಮಾನು. ನಮ್ಮ ಅಬ್ಬಾ ಹತ್ತಿರವೂ ಒಂದು ಒಂಟಿನಳಿಗೆಯ ಬಂದೂಕಿತ್ತು. ಲೈಸೆನ್ಸ್ ನವೀಕರಣಕ್ಕೋ, ಚುನಾವಣೆಗೆ ಮುನ್ನ ಠಾಣೆಯಲ್ಲಿ ಇಡಲಿಕ್ಕೋ ಒಯ್ಯುವಾಗ ಅಮ್ಮಿ ಹೊಲಿದ ಗವಸಿನಲ್ಲಿ ಹಾಕಿಕೊಂಡು ಬಸ್ ಹತ್ತುತ್ತಿದ್ದರು. "ಮಂದಿ ಕಣ್ಣಿಗೆ ಬೀಳಬಾರದಪ್ಪಾ, ಹೆದರ್ತಾರೆ" ಅನ್ನುತ್ತಿದ್ದರು. ಅವರು ಕಾನೂನು ಓದಿದವರಲ್ಲ. ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುವುದೂ ಅದನ್ನೇ. ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಪೂರ್ತಿ ಮುಚ್ಚಿಯೇ ಒಯ್ಯಬೇಕು. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಝಳಪಿಸಬಾರದು, ಹಾರಿಸಬಾರದು.

ಮುಚ್ಚಿ ಒಯ್ಯುವುದಕ್ಕೆ ಅಮೆರಿಕದಲ್ಲಿ ಬೇರೆಯೇ ಅರ್ಥ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ತಿರುಗಲು ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯೇ ಬೇಡ. ಅದಕ್ಕೆ ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕಿನ ನಿಯಮವನ್ನು 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರದ್ದು ಮಾಡಿತು. ಅಲ್ಲಿ ಬಂದೂಕು ಹಕ್ಕು. ನಮ್ಮಲ್ಲಿ 1959ರ ಕಾಯ್ದೆಯಂತೆ ಸರ್ಕಾರ ಕೊಡುವ ಅನುಮತಿ.

ಅಬ್ಬಾ ತೀರಿಕೊಂಡ ಮೇಲೆ ಆ ಅನುಮತಿಯೂ ಮುಗಿಯಿತು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬೇಕು, ಇಲ್ಲವೇ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ನಾವು ಅಣ್ಣತಮ್ಮಂದಿರು ಕೂತು ಮಾತಾಡಿದೆವು. "ಕಾಲ ಸರಿಯಿಲ್ಲ ಭಾಯಿಜಾನ್, ಮನೇಲಿ ಇರಲಿ" ಎಂದ ಕಿರಿಯವನು. ನಮಗೂ ಹಾಗೇ ಅನ್ನಿಸಿತು. 1857ರಲ್ಲಿ ಹತಾರ ಒಪ್ಪಿಸಿ ಎಂದ ಬ್ರಿಟಿಷರಿಗೆ ಎದುರುನಿಂತ ಹಲಗಲಿ ಬೇಡರ ಕಥೆ ಓದಿ ಬೆಳೆದವರು ನಾವು. ಆದರೆ ಅವರೆದುರು ಇದ್ದವರು ಪರಕೀಯರು. ನಮ್ಮೆದುರು ಇರುವವರು ಪಕ್ಕದ ಹೊಲದವರು.

ಹಂದಿ ಯಾರ ಹೊಲಕ್ಕೆ ಬಿದ್ದರೂ ಅವರು ರಾತ್ರಿ ಬಂದು, "ಸಾಹೇಬ್ರೇ, ಒಂದು ಈಡು ಹಾರಿಸಿ ಬರ್ರಿ" ಎಂದು ಅಬ್ಬಾರನ್ನು ಎಬ್ಬಿಸುತ್ತಿದ್ದರು. ಆಗ ಅದು ಊರ ಬಂದೂಕು. ಮುಂದೊಮ್ಮೆ ಗಲಾಟೆಯ ಗಾಳಿಸುದ್ದಿ ಎದ್ದಾಗ ಅದೇ 'ಸಾಬರ ಮನೆ ಬಂದೂಕು' ಆಯಿತು. ಗವಸು ಬಂದೂಕನ್ನು ಮುಚ್ಚೀತು, ನಮ್ಮ ಹೆಸರನ್ನು ಮುಚ್ಚೀತೇ? ಅಬ್ಬಾ ಲೈಸೆನ್ಸ್ ಕೇಳಿದ್ದು ಹಂದಿಗೆ ಹೆದರಿ. ನಾವು ಕೇಳಹೊರಟಿದ್ದು ಮನುಷ್ಯರಿಗೆ ಹೆದರಿ. ಅರ್ಜಿಯಲ್ಲಿ ಆ ಕಾರಣ ಬರೆಯಲು ನಮಗೆ ಕೈ ಬರಲಿಲ್ಲ.

ಬಂದೂಕನ್ನು ಠಾಣೆಗೆ ಒಪ್ಪಿಸಿ, ರಸೀದಿ ಪಡೆದು, ಗವಸನ್ನಷ್ಟೇ ಮನೆಗೆ ತಂದೆವು. ಸಂಜೆ ಪಕ್ಕದ ಹೊಲದ ಗೌಡರು ಬಂದು, "ಇನ್ನು ಹಂದಿ ಬಂದ್ರ ಏನ್ ಮಾಡೋದ್ರೀ?" ಎಂದರು.

"ಡಬ್ಬಿ ಬಡಿಯೋಣ ಗೌಡ್ರೇ, ಎಲ್ಲರೂ ಸೇರಿ" ಎಂದೆವು.