ಹಾಲಿ ಸಾಲು

ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಕಿವಿಯೂ ಸ್ವಲ್ಪ ಮಂದವಾಗಿತ್ತು. ಆದರೆ ಲೆಕ್ಕದಲ್ಲಿ ಅವಳನ್ನು ಏಮಾರಿಸಬಲ್ಲವರು ಹಾಸನದ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲವೆಂದು ನಮ್ಮೂರಿನವರು ಹೇಳುತ್ತಿದ್ದರು. ಅಂಥವಳ ಮನೆಗೆ ಒಂದು ಮಧ್ಯಾಹ್ನ ಕಂದಾಯದ ಚೀಟಿಯೊಂದು ಬಂದಿತು. ಊರ ತೋಟಿ ಜಗುಲಿಯ ಮೇಲಿಟ್ಟುಹೋದ ಅದನ್ನು ಓದಿಹೇಳುವ ಭಾರ, ಆಗತಾನೆ ಕಾಗುಣಿತವನ್ನು ಮುಗಿಸಿ ಕಣ್ಣಿಗೆ ಬಿದ್ದುದನ್ನೆಲ್ಲ ಗಟ್ಟಿಯಾಗಿ ಓದುವ ಉತ್ಸಾಹದಲ್ಲಿದ್ದ ನನ್ನ ಮೇಲೆ ಬಿದ್ದಿತು. ‘ಹಾಲಿ ಸಾಲಿನ ಬಾಕಿ’ ಎಂದು ನಾನು ಕೂಗಿದೆ. ಅಜ್ಜಿಗೆ ಕೇಳಿಸಿದ್ದು ‘ಹಾಲಿನ ಸಾಲದ ಬಾಕಿ’.

ಆಮೇಲೆ ನಡೆದುದನ್ನು ನಾನು ಮರೆಯುವಂತಿಲ್ಲ. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ರಟ್ಟೆಯನ್ನು ಹಿಡಿದು, ನೇರವಾಗಿ ಶಾನುಭೋಗರ ಮನೆಯ ಮುಂದೆ ಹೋಗಿ ನಿಂತಳು. “ಏನು ಶಾನುಭೋಗರೇ, ಕೊಟ್ಟಿಗೆ ತುಂಬ ಕರೆಯುವ ಹಸು ಕಟ್ಟಿಕೊಂಡು ನಾನು ಯಾರ ಮನೆ ಹಾಲನ್ನ ಸಾಲ ತಂದೆ? ಊರಿಗೆಲ್ಲ ಮಜ್ಜಿಗೆ ಹೊಯ್ದವಳು ನಾನು!” ಎಂದಳು. ಶಾನುಭೋಗರು ಚೀಟಿಯನ್ನು ನೋಡಿ, ನಗುವನ್ನು ಮೀಸೆಯೊಳಗೆ ಅಡಗಿಸಿಕೊಂಡು, “ಅಮ್ಮಾ, ಇಲ್ಲಿ ಹಾಲೂ ಇಲ್ಲ, ಸಾಲವೂ ಇಲ್ಲ. ಹಾಲಿ ಅಂದರೆ ಈಗಿನದು, ಸಾಲು ಅಂದರೆ ವರ್ಷ” ಎಂದರು. “ವರ್ಷ ಅಂತಲೇ ಬರೆದರೆ ಮಸಿ ಮುಗಿದುಹೋಗುತ್ತಿತ್ತೆ?” ಎಂದು ಅಜ್ಜಿ ಕೇಳಿದ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಹಾಗೆ ಬರೆದರೆ ಅಮಲ್ದಾರರು ಕಾಗದವನ್ನು ಹಿಂದಕ್ಕೆ ಕಳಿಸುತ್ತಾರೆಂದು ಮಾತ್ರ ತಗ್ಗಿದ ದನಿಯಲ್ಲಿ ಹೇಳಿದರು.

ಆ ಚೀಟಿಯ ಮೂರು ಶಬ್ದಗಳನ್ನು ಈಗ ಬಿಡಿಸಿ ನೋಡಿದರೆ ಅಜ್ಜಿಯ ತಪ್ಪು ತಪ್ಪೇ ಅಲ್ಲವೆಂದು ನನಗೆ ತೋರುತ್ತದೆ. ‘ಹಾಲಿ’ ಎಂಬುದು ಅರಬ್ಬಿಯ ಹಾಲ್, ‘ಬಾಕಿ’ಯೂ ಅಲ್ಲಿಯದೇ, ‘ಸಾಲು’ ಪಾರಸಿಯ ಸಾಲ್. ಬಹಮನಿ ಮತ್ತು ಆದಿಲಶಾಹಿ ಆಳಿಕೆಗಳು ಮೊದಲ್ಗೊಂಡು ಹೈದರ-ಟೀಪುಗಳ ಕಾಲದವರೆಗೆ ಜಮೀನು, ಅರ್ಜಿ, ವಸೂಲಿ, ರಸೀದಿಗಳ ಸಂಗಡ ನಮ್ಮ ದಫ್ತರಗಳಿಗೆ ಇಳಿದುಬಂದು, ರಾಜ್ಯಗಳು ಹೋದರೂ ತಾವು ಹೋಗದೆ ನಿಂತ ಶಬ್ದಗಳಿವು. ಆ ಪದಪುಂಜದಲ್ಲಿ ಕನ್ನಡದ್ದೆಂಬುದು ಷಷ್ಠೀವಿಭಕ್ತಿಯ ಪ್ರತ್ಯಯವೊಂದೇ. ಅಜ್ಜಿ ಆ ಪ್ರತ್ಯಯದ ತುದಿಯನ್ನು ಹಿಡಿದುಕೊಂಡು ಉಳಿದುದನ್ನೆಲ್ಲ ತನ್ನ ಕೊಟ್ಟಿಗೆಗೆ ಎಳೆದು ತಂದು ಕಟ್ಟಿಬಿಟ್ಟಿದ್ದಳು.

ಸಾಲು ಎಂಬ ಈ ರೂಪ ಪಾರಸಿಯವನು ಬರುವುದಕ್ಕೆ ಮೊದಲೇ ನಮ್ಮಲ್ಲಿ ಜನಭರಿತವಾಗಿತ್ತು. ನೇಗಿಲ ಸಾಲು, ಇರುವೆಯ ಸಾಲು, ಸಾಲುಮರ ಎನ್ನುವಾಗಿನ ಸಾಲು ಒಂದು. ‘ಸಾಲದು’, ‘ಸಾಲುವಷ್ಟು’ ಎನ್ನುವಾಗಿನ ಸಾಲು ಇನ್ನೊಂದು. ಪಕ್ಕದಲ್ಲಿಯೇ ಸಾಲ. ಸಾಲದೆ ಹೋದಾಗ ಮಾಡುವುದರಿಂದಲೇ ಅದಕ್ಕೆ ಸಾಲವೆಂದು ಹೆಸರಾಯಿತೆಂದು ನಮ್ಮ ಮೇಷ್ಟರೊಬ್ಬರು ತಿಂಗಳ ಕೊನೆಯ ವಾರದಲ್ಲಿ ಹೇಳುತ್ತಿದ್ದರು. ಅದನ್ನು ಅನುಭವವೆಂದು ಗೌರವಿಸಬಹುದಲ್ಲದೆ ವ್ಯುತ್ಪತ್ತಿಯೆಂದು ನಂಬತಕ್ಕದ್ದಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟಿನಂಥ ಗ್ರಂಥಗಳು ಇಂತಹ ಒಂದೇ ಮುಖದ ಶಬ್ದಗಳಿಗೆ ಅಂಕೆಗಳನ್ನು ಹಾಕಿ ಬೇರೆಬೇರೆಯಾಗಿ ಕೂರಿಸುತ್ತವೆ. ಮಾತನಾಡುವವನ ಬಾಯಲ್ಲಿ ಆ ಅಂಕೆಗಳಿರುವುದಿಲ್ಲ.

ವಿಚಿತ್ರವೆಂದರೆ, ಹೀಗೆ ಒಂದೇ ಪುಟದಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತವರು ಪರಸ್ಪರ ಅಪರಿಚಿತರು. ನಿಜವಾದ ದಾಯಾದಿಗಳು ಬೇರೆ ಊರಿನಲ್ಲಿ, ಬೇರೆ ವೇಷದಲ್ಲಿ ಇರುತ್ತಾರೆ. ಸಾಕಾಗುವ ‘ಸಾಲು’ವಿನ ಒಡಹುಟ್ಟು ತೆಲುಗಿನ ‘ಚಾಲು’. ಕೋಲಾರದ ಕಡೆಯ ಒಂದು ಮದುವೆಯ ಪಂಕ್ತಿಯಲ್ಲಿ ತೆಲುಗು ಮಾತಿನ ವೃದ್ಧರೊಬ್ಬರು ಎಲೆಯ ಮೇಲೆ ಎರಡು ಕೈಗಳನ್ನೂ ಅಡ್ಡಹಿಡಿದು ‘ಚಾಲು, ಚಾಲು’ ಎಂದು ಅಂಗಲಾಚುತ್ತಿದ್ದಾಗ, ಹುಬ್ಬಳ್ಳಿಯ ಕಡೆಯಿಂದ ಬಂದು ಬಡಿಸಲು ನಿಂತಿದ್ದ ಹುಡುಗ, ಮರಾಠಿ-ಹಿಂದಿಗಳಿಂದ ತನ್ನ ಸೀಮೆಗೆ ಬಂದ, ‘ನಡೆಯುತ್ತಿರಲಿ’ ಎಂಬರ್ಥದ ‘ಚಾಲೂ’ವನ್ನೇ ಅವರ ಬಾಯಲ್ಲಿ ಕೇಳಿ, ಕೈಗಳ ಸಂದಿನಲ್ಲಿಯೇ ಇನ್ನೆರಡು ಹೋಳಿಗೆಗಳನ್ನು ತೂರಿಸಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವೃದ್ಧರು ಅವನ್ನು ತಿಂದರೆಂಬುದನ್ನೂ ಹೇಳಬೇಕು.

ಉದ್ಯೋಗದ ನಿಮಿತ್ತ ಧಾರವಾಡಕ್ಕೆ ಹೋದ ಮೊದಲ ವಾರದಲ್ಲಿ ನನ್ನ ಸರದಿಯೂ ಬಂದಿತು. ಎದುರುಮನೆಯ ಹುಡುಗಿ ಪಾಟೀಚೀಲವನ್ನು ಹೆಗಲಿಗೇರಿಸಿ “ಸಾಲಿಗೆ ಹೊತ್ತಾತ್ರೀ” ಎಂದು ಓಡಿದಾಗ, ಯಾವ ಸಾಲಿನಲ್ಲಿ ನಿಲ್ಲುವುದಕ್ಕೆ ಈ ಕೂಸಿಗೆ ಇಷ್ಟು ಅವಸರವೋ ಎಂದುಕೊಂಡೆ. ಅದು ಶಾಲೆ. ಶಕಾರ ಸಕಾರವಾಗಿ, ಕೊನೆಯ ದೀರ್ಘ ಎಕಾರವಾಗಿ ಶಾಲಾ ಎಂಬುದು ಸಾಲೆಯಾಗುವ ಕ್ರಮವನ್ನು ಕೇಶಿರಾಜನ ಅಪಭ್ರಂಶಪ್ರಕರಣವನ್ನು ಓದಿದವರು ಬಲ್ಲರು. ನಾನೂ ಓದಿದ್ದೆ, ಆದರೆ ಸೂತ್ರ ಬೀದಿಯಲ್ಲಿ ಓಡಿಹೋದಾಗ ಗುರುತುಹಿಡಿಯಲಿಲ್ಲ. ಧಾರವಾಡದವರು ಅದರ ಎಕಾರವನ್ನೂ ಇಕಾರ ಮಾಡಿಕೊಂಡಿದ್ದಾರೆ, ಅಷ್ಟೆ.

ಬೇಲೂರಿನ ವಿಷಯದಲ್ಲಿ ನಾನು ಇನ್ನೂ ದೀರ್ಘಕಾಲ ಮೋಸಹೋಗಿದ್ದೆ. 1117ರಲ್ಲಿ ಪ್ರತಿಷ್ಠಿತನಾದ ಚೆನ್ನಕೇಶವನ ಗುಡಿಯ ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರನ್ನು ಸಾಲಭಂಜಿಕೆಯರೆಂದು ಕರೆಯುವುದನ್ನು ಬಾಲ್ಯದಿಂದ ಕೇಳಿ, ಸಾಲಾಗಿ ನಿಂತುದರಿಂದ ಆ ಹೆಸರೆಂದು ನಿಶ್ಚಯಿಸಿಕೊಂಡಿದ್ದೆ. ಆ ಸಾಲ ಒಂದು ಮರ. ಅದರ ಕೊಂಬೆಯನ್ನು ಬಾಗಿಸಿ ಮುರಿಯುವ ಹೆಣ್ಣು ಸಾಲಭಂಜಿಕೆ. ಸಾಂಚಿಯ ತೋರಣದಲ್ಲಿ ಅವಳು ಮರದ ಸಮೇತವಾಗಿಯೇ ಇದ್ದಾಳೆ. ಬುದ್ಧನು ಕುಶಿನಗರದಲ್ಲಿ ಕಣ್ಮುಚ್ಚಿದ್ದು ಎರಡು ಸಾಲವೃಕ್ಷಗಳ ನಡುವೆಯೆಂದು ಬೌದ್ಧರ ಪರಂಪರೆ. ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯಭಾರತದಲ್ಲಿಯೂ ಕಾಡುಕಾಡಾಗಿ ಬೆಳೆಯುವ ಆ ಮರ ನಮ್ಮ ಮಲೆನಾಡಿನದಲ್ಲ. ಮರ ಉತ್ತರದಲ್ಲಿಯೇ ಉಳಿದು ಹೆಸರೊಂದೇ ಕಲ್ಲಿನ ಹೆಣ್ಣುಗಳ ಬೆನ್ನುಹತ್ತಿ ಇಲ್ಲಿಗೆ ಬಂದಿತು. ಸಿಂಹಳದಲ್ಲಿ ಅದೇ ಹೆಸರನ್ನು ನಮ್ಮ ನಾಗಲಿಂಗಪುಷ್ಪದ ಮರಕ್ಕೆ ಕೊಟ್ಟು ವಿಹಾರಗಳಲ್ಲಿ ಪೂಜಿಸುತ್ತಾರೆ. ಆ ಮರದ ತವರಾದರೋ ದಕ್ಷಿಣ ಅಮೆರಿಕ.

ಹಿಂದೀಭಾಷಿಕರ ‘ಸಾಲಾ’ ಸಂಸ್ಕೃತದ ಶ್ಯಾಲ, ಹೆಂಡತಿಯ ಸೋದರ. ನೆಂಟಸ್ತನದ ಒಂದು ನಿರಪರಾಧಿ ಶಬ್ದವನ್ನು ಬೈಗುಳವಾಗಿ ಮಾಡಿದ ಜಾಣತನದ ಬಗೆಗೆ ಇಲ್ಲಿ ಹೆಚ್ಚು ಹೇಳುವುದು ಬೇಡ.

ನನಗೆ ಆಶ್ಚರ್ಯವನ್ನೂ ಒಂದು ಬಗೆಯ ಪಶ್ಚಾತ್ತಾಪವನ್ನೂ ಉಂಟುಮಾಡಿದ್ದು, ಶಾನುಭೋಗರ ಜಗುಲಿಯಿಂದ ನಾವು ಇಳಿದುಬಂದ ಎಷ್ಟೋ ವರ್ಷಗಳ ಮೇಲೆ, ಪಾರಸಿಯ ಸಾಲ್ ಎಂಬುದರ ಮೂಲವನ್ನು ಓದಿದಾಗ. ಇರಾನಿನ ಹಳೆಯ ಮಾತಿನಲ್ಲಿ ಕೂಡಿಕೊಂಡಿದ್ದ ರಕಾರ-ದಕಾರಗಳು ಮುಂದೆ ಲಕಾರವಾಗಿ ಕರಗಿದವು. ನಮ್ಮ ‘ಹೃದ್’ ಎಂಬುದರ ದಾಯಾದಿ ಅಲ್ಲಿ ‘ದಿಲ್’ ಆದದ್ದು ಹೀಗೆ. ಅದೇ ದಾರಿಯಲ್ಲಿ ಹಿಂದಕ್ಕೆ ನಡೆದರೆ ‘ಸಾಲ್’ ಎಂಬುದು ಹೋಗಿ ಸೇರುವುದು ನಮ್ಮ ‘ಶರದ್’ ಎಂಬುದರ ಮನೆಯನ್ನು. ವೇದದ ಭಾಷೆಯಲ್ಲಿ ಶರತ್ತೆಂದರೆ ಋತುವೂ ಹೌದು, ವರ್ಷವೂ ಹೌದು. ನೂರು ವರ್ಷ ಬಾಳೆಂದು ಹರಸುವಾಗ ಪುರೋಹಿತರು ನೂರು ಶರತ್ತುಗಳನ್ನೇ ಎಣಿಸುತ್ತಾರೆ. ಮನೆಯಲ್ಲಿ ಶುಭಕಾರ್ಯವಾದಾಗಲೆಲ್ಲ ಸೆರಗೊಡ್ಡಿ ಮಂತ್ರಾಕ್ಷತೆಯೊಡನೆ ಅಜ್ಜಿ ಸ್ವೀಕರಿಸುತ್ತಿದ್ದ ಶಬ್ದವೂ, ಅವಳು ಸೊಂಟಕಟ್ಟಿ ಶಾನುಭೋಗರ ಮುಖಕ್ಕೆ ಹಿಡಿದ ಚೀಟಿಯ ಶಬ್ದವೂ ಒಂದೇ ತಾಯಿಯ ಮಕ್ಕಳು. ಇದನ್ನು ಅವಳಿಗೆ ಹೇಳಿದ್ದರೆ ನಂಬುತ್ತಿದ್ದಳೋ ಇಲ್ಲವೋ, “ಹಾಗಾದರೆ ಆಶೀರ್ವಾದಕ್ಕೂ ಕಂದಾಯ ಹಾಕಿದರೇನು?” ಎಂದು ಕೇಳದೆ ಮಾತ್ರ ಇರುತ್ತಿರಲಿಲ್ಲ.

ಹೇಳುವ ಅವಕಾಶ ನನಗೆ ದೊರೆಯಲಿಲ್ಲ. ಅಜ್ಜಿ ತನ್ನ 84ನೆಯ ವಯಸ್ಸಿನಲ್ಲಿ, ಆಶ್ವಯುಜದಲ್ಲಿ, ನವರಾತ್ರಿಯ ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿದ ಮರುವಾರ ತೀರಿಕೊಂಡಳು. ಆ ಸಾಲಿನ ಕಂದಾಯವನ್ನು ಮುಂಗಡವಾಗಿಯೇ ಕಟ್ಟಿಸಿ, ರಸೀದಿಯನ್ನು ತುಪ್ಪದ ಗಡಿಗೆಯ ಹಿಂದೆ ಇಟ್ಟಿದ್ದಳು.