ಸುಗ್ಗಿ ಬಂದ ವಾರ

ಹಟ್ಟಿಕೇರಿ, 9 ಮಾರ್ಚ್ 2025, ಭಾನುವಾರ

ಅಂಗಳಕ್ಕೆ ಸಗಣಿ ಬಳಿದು, ತುಳಸಿಕಟ್ಟೆಗೆ ಶೇಡಿಮಣ್ಣಿನ ಗೆರೆ ಎಳೆಯುವಷ್ಟರಲ್ಲಿ ಹೊತ್ತು ಏರಿತ್ತು. ಕೊಪ್ಪದ ಹಾಲಕ್ಕಿ ಗೌಡರ ಸುಗ್ಗಿ ಕುಣಿತದ ಮೇಳ ಮಂಗಳವಾರ ನಮ್ಮ ಕೇರಿಗೆ ಬರುತ್ತದಂತೆ. ಈ ವರ್ಷ ಕಟ್ಟುತ್ತಾರೋ ಇಲ್ಲವೋ ಎಂದು ಮನಸ್ಸು ಹೊಯ್ದಾಡುತ್ತಿತ್ತು. ಕಳೆದ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಯ ನೀರು ಉಳುವರೆಯ ಮನೆಗಳ ಮೇಲೆ ನುಗ್ಗಿತು. ಡಿಸೆಂಬರ್ 16ಕ್ಕೆ ಹೊನ್ನಳ್ಳಿಯ ತುಳಸಿ ಗೌಡರು ಹೋದರು. ಫೆಬ್ರವರಿ 13ಕ್ಕೆ ಬಡಗೇರಿಯ ಸುಕ್ರಜ್ಜಿಯೂ ಹೋದರು. ಇಬ್ಬರೂ ಹಾಲಕ್ಕಿಯವರೇ, ಪದ್ಮಶ್ರೀ ಪಡೆದವರು. ನಮಗೆ ಮಾತ್ರ ಅಂಕೋಲೆ ತಾಲೂಕಿನ ಹಿರಿಯರು.

ಮೇಳಕ್ಕೆ ಕೊಡುವ ಪಡಿಗೆಂದು ಅಕ್ಕಿ, ತೆಂಗಿನಕಾಯಿ, ವೀಳ್ಯ ತೆಗೆದಿಟ್ಟಿದ್ದೇನೆ.

11 ಮಾರ್ಚ್, ಮಂಗಳವಾರ

ಮೊದಲು ಕೇಳಿದ್ದು ಗುಮಟೆ. ಹೆದ್ದಾರಿಯ ಲಾರಿಗಳ ಸದ್ದಿನ ನಡುವೆಯೂ ಆ ನಾದ ಬೇರೆಯಾಗಿಯೇ ಬರುತ್ತದೆ. ಮಣ್ಣಿನ ಗಡಿಗೆಯ ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದದ್ದು. ಅಂಗೈಯಿಂದ ಆ ಬಾಯಿ ಮುಚ್ಚಿ ತೆರೆದು ಮಾಡಿದಂತೆ ನಾದ ಏರಿಳಿಯುತ್ತದೆ. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡವನ್ನು ಕೊಲ್ಲುವಂತಿಲ್ಲ ಎಂದು ಕಾನೂನು ಬಂದ ಮೇಲೆ ಈ ಮೇಳದವರು ಆಡಿನ ಚರ್ಮಕ್ಕೆ ಬಂದಿದ್ದಾರೆ. ಜೊತೆಗೆ ಜಾಗಟೆ, ತಾಳ.

ಕುಣಿಯುವವರಿಗೆ ಉದ್ದನೆಯ ನಿಲುವಂಗಿ, ತಲೆಯ ಮೇಲೆ ತುರಾಯಿ, ಕೈಯಲ್ಲಿ ನವಿಲುಗರಿಯ ಕುಂಚ ಮತ್ತು ಕೋಲು. ತುರಾಯಿಯಲ್ಲಿ ಬಣ್ಣದ ಕಾಗದದ ಹೂವು, ಬೇಗಡೆ, ಮೇಲೆ ಕೂತ ಹಕ್ಕಿಗಳು. ಅಷ್ಟು ಭಾರ ಹೊತ್ತೂ ಬಾಗಿ, ತಿರುಗಿ, ಒಮ್ಮೆಲೇ ಸುತ್ತು ಕಟ್ಟುತ್ತಾರೆ. ತುಳಸಿಯ ಎದುರು ಹಾಡಿ, ಮನೆಯವರನ್ನು ಹರಸಿ, ಆಮೇಲೆ ಕುಣಿತ. ಸಾಲಿನ ಕೊನೆಯಲ್ಲಿದ್ದ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನಲ್ಲಿ ಕೆಲಸ, ಸುಗ್ಗಿಗೆಂದೇ ರಜೆ ಹಾಕಿ ಬಂದಿದ್ದಾನೆ. ನನ್ನನ್ನು ಕಂಡರೂ ಮಾತಾಡಲಿಲ್ಲ, ಲಯ ತಪ್ಪಲಿಲ್ಲ. ನನಗೆ ಹೆಮ್ಮೆಯಾಯಿತು.

ನೀರು-ಬೆಲ್ಲ ಕೊಟ್ಟು ಮೇಳದ ಯಜಮಾನರನ್ನು ಕೇಳಿದೆ, “ಗೌಡ್ರೆ, ಇನ್ನೂ ಎರಡು ದಿನ ಮನೆಗೆ ಹೋಗೂದಿಲ್ವಾ?”

“ಇಲ್ಲ ಅಕ್ಕೋರೆ. ತುರಾಯಿ ಕಟ್ಟಿದ ಮೇಲೆ ಹುಣ್ಣಿಮೆ ತನಕ ಮನೆ ಇಲ್ಲ. ಮೀನಿಲ್ಲ, ಸರಾಯಿ ಇಲ್ಲ. ದೇವ್ರ ಕೆಲ್ಸ.”

ಸರಾಯಿ ಎಂದಾಗ ಸುಕ್ರಜ್ಜಿ ನೆನಪಾದರು. ಹೆಂಗಸರನ್ನು ಒಟ್ಟುಗೂಡಿಸಿಕೊಂಡು ಸರಾಯಿ ಮಾರಾಟಕ್ಕೆ ಎದುರು ನಿಂತವರು ಅವರು. ಸುಗ್ಗಿ ಕುಣಿಯುವವರು ಗಂಡಸರು, ನಿಜ. ಆದರೆ ನೂರಾರು ಹಾಡು ಬಾಯಲ್ಲಿಟ್ಟುಕೊಂಡು ಇದೇ ಸಮುದಾಯವನ್ನು ಲೋಕಕ್ಕೆ ಕಾಣಿಸಿದ್ದು ಒಬ್ಬ ಅಜ್ಜಿ.

13 ಮಾರ್ಚ್, ಗುರುವಾರ

ಇಂದು ರಾತ್ರಿ ಕಾಮದಹನ. ಕರಿದೇವರ ಪೂಜೆ ಮುಗಿಸಿ ವೇಷ ಇಳಿಸಿದರೆ ಸುಗ್ಗಿ ಮುಗಿಯಿತು. ಅಂಕೋಲೆ ಪೇಟೆಯಲ್ಲಿ ಅಣಕುವೇಷದ ಹಗರಣದ ಗದ್ದಲ ಜೋರಂತೆ. ನಾನು ಹೋಗಲಿಲ್ಲ, ಮಂಡಿ ನೋವು.

15 ಮಾರ್ಚ್, ಶನಿವಾರ

ಮೊಬೈಲಿಗೆ ಒಂದು ವೀಡಿಯೊ ಬಂದಿದೆ. ಯಾವುದೋ ಊರಿನ ಉತ್ಸವದ ವೇದಿಕೆ, ಬಣ್ಣದ ದೀಪ, ಐದು ನಿಮಿಷದ ಸುಗ್ಗಿ ಕುಣಿತ. ಕುಣಿದವರು ಚೆನ್ನಾಗಿಯೇ ಕುಣಿದಿದ್ದಾರೆ. ಅವರಿಗೆ ನಾಲ್ಕು ಕಾಸು ಸಿಕ್ಕಿದ್ದರೆ ಸಂತೋಷ. ಆದರೂ ಕೊರತೆ ಕಂಡಿತು. ಅಲ್ಲಿ ಎದುರಿಗೆ ತುಳಸಿ ಇಲ್ಲ, ಕಾಯುತ್ತ ನಿಂತ ಮನೆಯವರಿಲ್ಲ. ಕೊಯ್ಲು ಮುಗಿದ ಗದ್ದೆ ದಾಟಿ, ಬಿಸಿಲಲ್ಲಿ ನಡೆದು, ಬಾಗಿಲು ಬಾಗಿಲಿಗೆ ಬಂದು ‘ನಿಮ್ಮ ಮನೆ ತಣ್ಣಗಿರಲಿ’ ಎಂದು ಹರಸುವುದೇ ಸುಗ್ಗಿಯ ಜೀವ. ಕುಣಿಯುವವರು ಅರ್ಧ, ಅಂಗಳ ಸಾರಿಸಿ, ಪಡಿ ಇಟ್ಟು ಕಾಯುವವರು ಇನ್ನರ್ಧ. ಈಗಂತೂ ನಮ್ಮಲ್ಲಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ ಗೇಟಿಗೆ ಬೀಗ ಹಾಕುವವರೇ ಹೆಚ್ಚು. ಬೀಗ ಕಂಡ ಮನೆಯನ್ನು ಮೇಳದವರು ಮಾತಿಲ್ಲದೆ ದಾಟಿ ಹೋದದ್ದನ್ನು ಮಂಗಳವಾರ ಕಣ್ಣಾರೆ ನೋಡಿದೆ.

ಸಂಜೆ ಶಾಲೆಯ ಹೆಡ್‌ಮಾಸ್ತರರಿಗೆ ಫೋನು ಮಾಡಿದೆ. ಮುಂದಿನ ವರ್ಷ ಮೇಳ ಶಾಲೆಯ ಅಂಗಳಕ್ಕೂ ಬರಲಿ, ಮಕ್ಕಳೇ ಅಂಗಳ ಸಾರಿಸಿ ಪಡಿ ಇಟ್ಟು ಬರಮಾಡಿಕೊಳ್ಳಲಿ, ಗಡಿಯಾರ ನೋಡಿ ನಿಲ್ಲಿಸುವುದು ಬೇಡ ಎಂದೆ. ಅವರು ಒಪ್ಪಿದರು. ಪರೀಕ್ಷೆಯ ವೇಳಾಪಟ್ಟಿ ಅಡ್ಡ ಬಂದರೆ ಮತ್ತೆ ಮಾತಾಡಬೇಕು. ಮೇಳದ ಯಜಮಾನರಿಗೆ ನಾಳೆ ಹೋಗಿ ಹೇಳಿ ಬರುತ್ತೇನೆ.